ಗುಬ್ಬಚ್ಚಿಗೆ ಪೆಟ್ಟಿಗೆ ಕಟ್ಟುವ ಮುಂಚೆ, ಕಟ್ಟಿದ ಮೇಲೆ

"ಗುಬ್ಬಿ ಪೆಟ್ಟಿಗೆ ನೇತುಹಾಕಿ ವರ್ಷ ಆಯ್ತು ಮೇಡಂ, ಒಂದೂ ಬಂದಿಲ್ಲ" ಎಂದು ನನ್ನ ಹತ್ತಿರ ಹೇಳುವವರು ಜಾಸ್ತಿ. ನಿಮ್ಮ ಬೀದಿಯಲ್ಲಿ ಗುಬ್ಬಿ ಇದೆಯಾ ಎಂದು ನಾನು ಮೊದಲು ಕೇಳುತ್ತೇನೆ. ಇದೆಯೋ ಇಲ್ಲವೋ ಎಂದು ತುಂಬಾ ಜನ ನೋಡಿಯೇ ಇರುವುದಿಲ್ಲ.

ಗುಬ್ಬಿ ಹುಟ್ಟಿದ ಜಾಗದ ಆಸುಪಾಸಿನಲ್ಲೇ ಬಾಳುವ ಹಕ್ಕಿ. ಪೆಟ್ಟಿಗೆ ಚೆನ್ನಾಗಿದೆ ಎಂದು ಊರಾಚೆಯಿಂದ ಹಾರಿ ಬರುವುದಿಲ್ಲ. ಹಾಗಾಗಿ ಬೆಳಿಗ್ಗೆ ಬೇಗ ಎದ್ದು ನಿಮ್ಮ ಏರಿಯಾದಲ್ಲಿ ಒಂದು ಸುತ್ತು ಹಾಕಿ. ದಿನಸಿ ಅಂಗಡಿ, ಫ್ಲೋರ್ ಮಿಲ್, ಕೋಳಿ ಅಂಗಡಿ, ಉಳಿದಿರುವ ಹಂಚಿನ ಮನೆ, ದಟ್ಟವಾದ ಬೇಲಿ, ಇವುಗಳ ಹತ್ತಿರ ನಿಂತು ಕಿವಿಗೊಡಿ. ನಮ್ಮ ಮನೆ ಬೆಂಗಳೂರಿನ ಯಶವಂತಪುರ ಮಂಡಿಯ ಹಿಂದೆ. ಲಾರಿಯಿಂದ ಚೆಲ್ಲಿದ ಕಾಳು ಸದಾ ಬಿದ್ದಿರುತ್ತದೆ, ಹಾಗಾಗಿ ಇಲ್ಲಿ ಗುಬ್ಬಿಗಳು ಉಳಿದುಕೊಂಡಿವೆ. ಹತ್ತಿರದಲ್ಲಿ ಒಂದು ಗುಂಪು ಕಂಡರೆ ನಿಮ್ಮ ಅರ್ಧ ಕೆಲಸ ಆದಂತೆ. ಕಾಣದಿದ್ದರೆ ಏನು ಮಾಡಬಹುದು ಎಂದು ಮುಂದೆ ಹೇಳುತ್ತೇನೆ.

ಪೆಟ್ಟಿಗೆಗೆ ಬಣ್ಣ ಹಚ್ಚದ ಮರವೇ ಒಳ್ಳೆಯದು. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಅಥವಾ ಸಿಲ್ವರ್ ಓಕ್ ಹಲಗೆ ಸಾಕು. ದಪ್ಪ 15 ಮಿಲಿಮೀಟರ್‌ಗಿಂತ ಕಡಿಮೆ ಬೇಡ. ತೆಳು ಹಲಗೆಯಾದರೆ ಏಪ್ರಿಲ್ ಬಿಸಿಲಿಗೆ ಒಳಗೆ ಮರಿಗಳು ಬೇಯುತ್ತವೆ. ಒಳಗಿನ ತಳ ಸುಮಾರು 15 ಸೆಂಟಿಮೀಟರ್ ಚೌಕ, ಎತ್ತರ 20ರಿಂದ 25 ಸೆಂಟಿಮೀಟರ್ ಇರಲಿ. ತೂತಿನ ಅಳತೆಯಲ್ಲಿ ಮಾತ್ರ ರಾಜಿ ಬೇಡ. 32 ಮಿಲಿಮೀಟರ್, ಅಷ್ಟೇ. ತೂತು ದೊಡ್ಡದಾದರೆ ಗೊರವಂಕ ಬಂದು ಜಾಗ ಹಿಡಿಯುತ್ತದೆ. ಎಸ್‌ಜೆಪಿ ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ 32ರ ಹೋಲ್ ಸಾ ಕೇಳಿದರೆ ಕೊಡುತ್ತಾರೆ. ಅದನ್ನು ಡ್ರಿಲ್‌ಗೆ ಹಾಕಿ ನಾನೇ ಕೊರೆಯುತ್ತೇನೆ. ತೂತು ತಳದಿಂದ 12 ಸೆಂಟಿಮೀಟರ್ ಆದರೂ ಮೇಲಿರಬೇಕು. ಆಗ ಬೆಕ್ಕಿನ ಕೈ, ಕಾಗೆಯ ಕೊಕ್ಕು ಮರಿಗೆ ಎಟುಕುವುದು ಕಷ್ಟ.

ತಳದ ಮೂಲೆಗಳಲ್ಲಿ ನೀರು ಇಳಿಯಲು ಸಣ್ಣ ತೂತು, ಚಾವಣಿಯ ಕೆಳಗೆ ಗಾಳಿಗೆ ಒಂದೆರಡು ತೂತು ಹಾಕಿ. ಚಾವಣಿ ಮುಂದಕ್ಕೆ ಇಳಿಜಾರಾಗಿ ಚಾಚಿಕೊಂಡಿರಲಿ. ಒಂದು ಪಕ್ಕದ ಹಲಗೆಯನ್ನು ಸ್ಕ್ರೂ ಬಿಚ್ಚಿ ತೆಗೆಯುವಂತೆ ಮಾಡಿ. ಅಂಗಡಿಯ ಪೆಟ್ಟಿಗೆಗಳಲ್ಲಿ ತೂತಿನ ಕೆಳಗೆ ಒಂದು ಕಡ್ಡಿ ಸಿಕ್ಕಿಸಿರುತ್ತಾರಲ್ವಾ? ಅದನ್ನು ಕಿತ್ತುಹಾಕಿ. ಗುಬ್ಬಿಗೆ ಅದು ಬೇಕಾಗಿಲ್ಲ. ಕಾಗೆಗೆ ಕೂರಲು ಅನುಕೂಲ ಅಷ್ಟೆ.

ಮರಗೆಲಸ ಬರದಿದ್ದರೆ ಮಡಿಕೆ ಇದೆ. ಪಾಟರಿ ಟೌನ್‌ನಲ್ಲಿ ಕುಂಬಾರರಿಗೆ ಅಳತೆ ಕೊಟ್ಟು, ಸುಡುವ ಮುಂಚೆಯೇ ತೂತು ಮಾಡಿಸಿಕೊಳ್ಳಿ. ಸುಟ್ಟ ಮೇಲೆ ಕೊರೆಯಲು ಹೋದರೆ ಮಡಿಕೆ ಒಡೆಯುತ್ತದೆ. ಮಣ್ಣು ತಂಪಾಗಿಯೂ ಇರುತ್ತದೆ.

ಈಗ ಜಾಗ. ನನ್ನ ತಮ್ಮ ಟೆಕ್ಸಾಸ್‌ನಲ್ಲಿದ್ದಾನೆ. ಅವನ ಹಿತ್ತಲಲ್ಲಿ ಎತ್ತರದ ಕಂಬದ ಮೇಲೆ ಹಲವು ಕೋಣೆಗಳ ಬಿಳಿ ಮನೆ ಇದೆ. ಅದು ಪರ್ಪಲ್ ಮಾರ್ಟಿನ್ ಎಂಬ ಹಕ್ಕಿಗೆ. ಆ ಹಕ್ಕಿ ಚಳಿಗಾಲವನ್ನು ದಕ್ಷಿಣ ಅಮೆರಿಕದಲ್ಲಿ ಕಳೆದು, ಮರಿ ಮಾಡಲು ಉತ್ತರಕ್ಕೆ ಬರುತ್ತದೆ. ಅಲ್ಲಿನ ಮೂಲನಿವಾಸಿಗಳು ಹಿಂದಿನಿಂದಲೂ ಅದಕ್ಕೆ ಸೋರೆ ಬುರುಡೆ ಕಟ್ಟುತ್ತಿದ್ದರು. ಅಮೆರಿಕದ ಪೂರ್ವ ಭಾಗದಲ್ಲಿ ಈಗ ಅದು ಹೆಚ್ಚುಕಮ್ಮಿ ಪೂರ್ತಿಯಾಗಿ ಜನ ಕಟ್ಟಿಕೊಟ್ಟ ಮನೆಗಳಲ್ಲೇ ಗೂಡು ಮಾಡುತ್ತದೆ. ಆ ಮನೆಗಳಿಗೆ ನುಗ್ಗುವ ದೊಡ್ಡ ಶತ್ರು ಯಾರು ಗೊತ್ತಾ? ನಮ್ಮ ಗುಬ್ಬಿಯೇ. 1850ರ ದಶಕದಲ್ಲಿ ಯುರೋಪಿನಿಂದ ನ್ಯೂಯಾರ್ಕಿಗೆ ತಂದು ಬಿಟ್ಟಿದ್ದು, ದೇಶವೆಲ್ಲ ಹಬ್ಬಿತು. ತಮ್ಮ ಅಲ್ಲಿ ಗುಬ್ಬಿ ಬಾರದಂತೆ ಕಾಯುತ್ತಾನೆ, ನಾನು ಇಲ್ಲಿ ಬರಲೆಂದು ಕಾಯುತ್ತೇನೆ. ಆ ಕಂಬದ ಮನೆಯ ಫೋಟೋ ನೋಡಿ ಇಲ್ಲೂ ಹಾಗೆ ಮಾಡಲು ಕೆಲವರು ಹೊರಡುತ್ತಾರೆ, ಬೇಡ. ಮಾರ್ಟಿನ್‌ಗೆ ಸುತ್ತ ಬಯಲು ಬೇಕು. ಗುಬ್ಬಿಗೆ ಗೋಡೆ, ಸಜ್ಜ, ಹತ್ತಿರದಲ್ಲೇ ಒಂದು ಪೊದೆ ಬೇಕು.

ಸಜ್ಜದ ಕೆಳಗೆ, ನೆಲದಿಂದ ಹತ್ತು ಅಡಿಯಾದರೂ ಮೇಲೆ, ಗೋಡೆಗೆ ಗಟ್ಟಿಯಾಗಿ ಸ್ಕ್ರೂ ಹಾಕಿ. ತಂತಿಯಲ್ಲಿ ತೂಗಾಡುವಂತೆ ಬಿಡಬೇಡಿ. ಪೂರ್ವ ಅಥವಾ ಉತ್ತರಕ್ಕೆ ಮುಖ ಇರಲಿ. ಪಶ್ಚಿಮದ ಇಳಿಬಿಸಿಲು ತಪ್ಪಬೇಕು. ಬೇಸಿಗೆಯ ಸಂಜೆ ಮಳೆ ಗಾಳಿ ಸಮೇತ ಬೀಸುತ್ತದೆ, ಅದಕ್ಕೂ ಸಜ್ಜದ ಮರೆ ಬೇಕು. ಬೆಕ್ಕು ಹತ್ತಬಹುದಾದ ಪೈಪ್, ಕೊಂಬೆ ಪಕ್ಕದಲ್ಲಿ ಬೇಡ. ಸೀಲಿಂಗ್ ಫ್ಯಾನ್ ಇರುವ ಹಾಲ್‌ನಲ್ಲಂತೂ ಕಟ್ಟಲೇಬೇಡಿ. ಗುಬ್ಬಿಗೆ ನೆರೆಹೊರೆ ಇಷ್ಟ, ಆದ್ದರಿಂದ ಒಂದರ ಬದಲು ಎರಡು ಮೂರು ಪೆಟ್ಟಿಗೆ ಸಾಲಾಗಿ ಹಾಕಿ. ಕತ್ತಿನ ಕೆಳಗೆ ಕಪ್ಪು ಮಚ್ಚೆ ಇರುವ ಗಂಡು ಮೊದಲು ಬಂದು ತೂತಿನ ಬಳಿ ಕೂತು ಚಿಲಿಪಿಲಿ ಹಚ್ಚುತ್ತದೆ. ಹೆಣ್ಣನ್ನು ಕರೆಯುತ್ತಿದೆ ಎಂದು ತಿಳಿಯಿರಿ. ಆ ದಿನಗಳಲ್ಲಿ ಪೆಟ್ಟಿಗೆ ಮುಟ್ಟಬೇಡಿ, ಜಾಗ ಬದಲಿಸಬೇಡಿ.

ಇಷ್ಟೆಲ್ಲ ಸುಲಭದ ಭಾಗ. ಕಷ್ಟ ಇರುವುದು ಊಟದಲ್ಲಿ. ದೊಡ್ಡ ಗುಬ್ಬಿ ಕಾಳು ತಿನ್ನುತ್ತದೆ, ಆದರೆ ಮರಿಗೆ ಮೊದಲ ದಿನಗಳಲ್ಲಿ ಹುಳುವೇ ಬೇಕು. ಕಾಂಪೌಂಡಿನೊಳಗೆ ಟೈಲ್ಸ್ ಹಾಕಿ, ಕುಂಡದ ಗಿಡಕ್ಕೆ ವಾರವಾರ ಔಷಧಿ ಹೊಡೆದರೆ ಹುಳು ಎಲ್ಲಿಂದ ಬರಬೇಕು? ನಾನು ತಾರಸಿಯಲ್ಲಿ ಅವರೆ ಬಳ್ಳಿ ಹಬ್ಬಿಸುತ್ತೇನೆ. ಅದಕ್ಕೆ ಹೇನು ಹತ್ತುತ್ತದೆ, ಕಾಯಿಗೆ ಹುಳು ಬೀಳುತ್ತದೆ, ನಾನು ಏನೂ ಹೊಡೆಯುವುದಿಲ್ಲ. ಮರಿ ಇರುವಾಗ ಗುಬ್ಬಿಗಳು ಬಳ್ಳಿಯನ್ನು ಎಲೆ ಎಲೆಯಾಗಿ ಹುಡುಕುತ್ತವೆ. ಕರಿಬೇವು, ನಿಂಬೆ, ದಾಸವಾಳ ಕೂಡ ಒಳ್ಳೆಯದೇ. ಅಡಗಿಕೊಳ್ಳಲು ಕಾಗದದ ಹೂವಿನ ಮುಳ್ಳುಪೊದೆ ಅಥವಾ ಮದರಂಗಿ ಬೇಲಿ ಇದ್ದರೆ ಗುಂಪಿಗೆ ಧೈರ್ಯ ಬರುತ್ತದೆ.

ಕಾಳನ್ನು ತಾರಸಿಯಲ್ಲಿ ಸುರಿಯಬೇಡಿ. ಬೆಂಗಳೂರಿನಲ್ಲಿ ಹಾಗೆ ಮಾಡಿದರೆ ಪಾರಿವಾಳದ ಹಿಂಡು ಬರುತ್ತದೆ, ಗುಬ್ಬಿಗೆ ಕೂರಲೂ ಜಾಗ ಸಿಗುವುದಿಲ್ಲ. ಭತ್ತದ ತೆನೆಯ ಗೊಂಚಲು ಕಟ್ಟಿ ತೂಗುಹಾಕಿ. ಗುಬ್ಬಿ ಜೋತಾಡಿಕೊಂಡೇ ತಿನ್ನುತ್ತದೆ, ಪಾರಿವಾಳದ ಭಾರಕ್ಕೆ ಅದು ಆಗದು. ಅಗಲವಾದ ಮಣ್ಣಿನ ತಟ್ಟೆಯಲ್ಲಿ ಎರಡು ಬೆರಳಿನಷ್ಟು ನೀರಿಡಿ, ದಿನಾ ಉಜ್ಜಿ ತೊಳೆದು ಬದಲಿಸಿ. ಇಲ್ಲದಿದ್ದರೆ ಸೊಳ್ಳೆ ಸಾಕಿದಂತಾಗುತ್ತದೆ. ಇನ್ನೊಂದು ತಟ್ಟೆಯಲ್ಲಿ ಒಣ ಮಣ್ಣು ಇರಲಿ, ಧೂಳಿನಲ್ಲಿ ಹೊರಳುವುದೂ ಅವುಗಳಿಗೆ ಬೇಕು. ಗೂಡಿಗೆ ಒಣಹುಲ್ಲು, ತೆಂಗಿನ ನಾರು ಹತ್ತಿರ ಇಡಬಹುದು. ನೈಲಾನ್ ದಾರ, ಗಾಳಿಪಟದ ಮಾಂಜಾ, ತಲೆಕೂದಲು ಮಾತ್ರ ಬೇಡವೇ ಬೇಡ. ಮರಿಯ ಕಾಲಿಗೆ ಸುತ್ತಿಕೊಂಡರೆ ಬಿಡಿಸಲು ಆಗುವುದಿಲ್ಲ.

ನಿಮ್ಮ ಕಡೆ ಗುಬ್ಬಿ ಇಲ್ಲವೇ ಇಲ್ಲ, ಆದರೆ ಮರಗಳು ಚೆನ್ನಾಗಿವೆ ಎನ್ನಿ. ಇದೇ ಪೆಟ್ಟಿಗೆಗೆ 28 ಮಿಲಿಮೀಟರ್ ತೂತು ಮಾಡಿ, ಚೇಕಡಿ ಹಕ್ಕಿ ಬರಬಹುದು. ಮಡಿವಾಳ ಹಕ್ಕಿಗೆ ಇನ್ನೂ ದೊಡ್ಡ ಬಾಯಿ ಬೇಕು, ಅಲ್ಲಿ ಗೊರವಂಕದ ಪೈಪೋಟಿ ಇದ್ದೇ ಇರುತ್ತದೆ. ಕುಟ್ರು ಹಕ್ಕಿ ತನ್ನ ಪೊಟರೆ ತಾನೇ ಕೊರೆದುಕೊಳ್ಳುತ್ತದೆ, ಅದಕ್ಕಾಗಿ ಒಣಕೊಂಬೆಯನ್ನು ಅಪಾಯವಿಲ್ಲದಿದ್ದರೆ ಕಡಿಸದೆ ಬಿಡಿ.

ಮೊಟ್ಟೆಗೆ ಕಾವು ಕೊಡುವುದು 11ರಿಂದ 14 ದಿನ. ಮರಿ ಹಾರಲು ಆಮೇಲೆ ಸುಮಾರು ಎರಡು ವಾರ. ಅಲ್ಲಿಯವರೆಗೆ ಇಣುಕಬೇಡಿ, ಫೋಟೋ ತೆಗೆಯಲು ಏಣಿ ಹತ್ತಬೇಡಿ. ಪುಕ್ಕ ಬಾರದ ಮರಿ ಕೆಳಗೆ ಬಿದ್ದರೆ ಮೆಲ್ಲಗೆ ಎತ್ತಿ ವಾಪಸ್ ಗೂಡಿಗೆ ಬಿಡಿ. ಮನುಷ್ಯರು ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಎನ್ನುವುದು ಸುಳ್ಳು. ಪುಕ್ಕ ಬಂದು ಕುಪ್ಪಳಿಸುವ ಮರಿಯಾದರೆ ಹಾರಲು ಕಲಿಯುತ್ತಿದೆ, ಬೆಕ್ಕನ್ನು ದೂರ ಇಟ್ಟರೆ ಸಾಕು. ಒಂದೇ ಜೋಡಿ ಅದೇ ಗೂಡಿನಲ್ಲಿ ಮತ್ತೆ ಮರಿ ಮಾಡುವುದುಂಟು. ಹಾಗಾಗಿ ಓಡಾಟ ಪೂರ್ತಿ ನಿಂತು ಕೆಲವು ವಾರ ಕಳೆದ ಮೇಲೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಹಳೆಯ ಹುಲ್ಲು ತೆಗೆಯಿರಿ. ಬಿಸಿನೀರು ಹಾಕಿ ತೊಳೆದು, ಚೆನ್ನಾಗಿ ಒಣಗಿಸಿ, ಅದೇ ಜಾಗಕ್ಕೆ ಸ್ಕ್ರೂ ಹಾಕಿ.