ಬ್ರೇಕ್ ಆಯಿಲ್ ಸುರಿಯುವ ಮುಂಚೆ ಪ್ಯಾಡ್ ನೋಡಿ

ಬಾನೆಟ್ ಎತ್ತಿ ನೋಡಿದಾಗ ಬ್ರೇಕ್ ಆಯಿಲ್ ಕಡಿಮೆ ಕಂಡರೆ ಸುಮ್ನೆ ಬಾಟಲಿ ತಂದು ಸುರಿಯಬೇಡಿ. ಇದು ಓಡಿದಂತೆ ಖರ್ಚಾಗುವ ಆಯಿಲ್ ಅಲ್ಲ, ಮುಚ್ಚಿದ ಪೈಪಿನೊಳಗೇ ಇರುತ್ತದೆ. ಮಟ್ಟ ಇಳಿದಿದೆ ಅಂದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಚಕ್ರದ ಜೊತೆ ತಿರುಗುವ ಡಿಸ್ಕನ್ನು ಹಿಡಿದು ನಿಲ್ಲಿಸುವ ಪ್ಯಾಡ್ ಸವೆದಿದೆ.

ಸವೆದರೆ ಆಯಿಲ್ ಯಾಕೆ ಇಳಿಯಬೇಕು? ನೀವು ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರ್ ಆಯಿಲನ್ನು ದೂಡುತ್ತದೆ, ಆ ಒತ್ತಡ ಪೈಪಿನುದ್ದಕ್ಕೂ ಹೋಗಿ ಚಕ್ರದ ಹತ್ತಿರ, ಪ್ಯಾಡ್ ಕೂತಿರುವ ಕ್ಯಾಲಿಪರ್‌ನ ಪಿಸ್ಟನ್ ಮೇಲೆ ಬೀಳುತ್ತದೆ. ಈ ಪಿಸ್ಟನ್ ಮಾಸ್ಟರ್ ಸಿಲಿಂಡರಿಗಿಂತ ದಪ್ಪ, ಹಾಗಾಗಿ ಕಾಲಿನ ಬಲ ಅಲ್ಲಿ ಎಷ್ಟೋ ಪಟ್ಟು ಜಾಸ್ತಿಯಾಗುತ್ತದೆ. ಎರಡೂ ಕಡೆಯ ಪ್ಯಾಡ್ ಡಿಸ್ಕನ್ನು ಅಮುಕಿ ಹಿಡಿಯುತ್ತವೆ, ಗಾಡಿಯ ಓಟವೆಲ್ಲ ಬಿಸಿಯಾಗಿ ಬದಲಾಗುತ್ತದೆ. ಕಾಲು ತೆಗೆದ ತಕ್ಷಣ, ಪಿಸ್ಟನ್ ಸುತ್ತ ಬಾಗಿದ್ದ ರಬ್ಬರ್ ಸೀಲ್ ನೆಟ್ಟಗಾಗಿ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುತ್ತದೆ. ಅಷ್ಟೇ. ಪ್ಯಾಡ್ ಸವೆದಷ್ಟೂ ಪಿಸ್ಟನ್ ಮುಂದೆ ಸರಿದು ಅಲ್ಲೇ ಕೂರುತ್ತದೆ, ಅದರ ಹಿಂದಿನ ಜಾಗವನ್ನು ಆಯಿಲ್ ತುಂಬುತ್ತದೆ. ಬಾನೆಟ್ ಕೆಳಗಿನ ಡಬ್ಬಿಯಲ್ಲಿ ಇಳಿದಿದ್ದು ಅದೇ ಆಯಿಲ್. ಮೇಲಿಂದ ತುಂಬಿಸಿಟ್ಟರೆ, ಹೊಸ ಪ್ಯಾಡ್ ಹಾಕಲು ಪಿಸ್ಟನ್ ಒಳಗೆ ಒತ್ತಿದಾಗ ಉಕ್ಕಿ ಹೊರಗೆ ಚೆಲ್ಲುತ್ತದೆ, ಬಣ್ಣವನ್ನೂ ಕಿತ್ತು ಹಾಕುತ್ತದೆ.

ಸ್ಟೀರಿಂಗ್ ಒಂದು ಕಡೆ ಪೂರ್ತಿ ತಿರುಗಿಸಿ ಮೊಬೈಲ್ ಟಾರ್ಚ್ ಬಿಟ್ಟು ಪ್ಯಾಡ್ ನೋಡಿ. ಹಿಂದಿನ ಕಬ್ಬಿಣದ ತಗಡನ್ನು ಲೆಕ್ಕಕ್ಕೆ ಹಿಡಿಯಬೇಡಿ, ಡಿಸ್ಕಿಗೆ ತಾಗುವ ಭಾಗ 3 ಮಿಲಿಮೀಟರ್‌ಗೆ ಬಂದಿದ್ದರೆ ಬದಲಿಸುವ ಹೊತ್ತು ಬಂತು. ಹೊರಗಿನ ಪ್ಯಾಡ್ ಚೆನ್ನಾಗಿದೆ ಅಂತ ಬಿಡಬೇಡಿ, ಎಷ್ಟೋ ಸಲ ಒಳಗಿನದೇ ಮೊದಲು ಸವೆಯುತ್ತದೆ. ಪ್ಯಾಡ್ ದಪ್ಪಗೇ ಇದ್ದೂ ಆಯಿಲ್ ಇಳಿದಿದ್ದರೆ ಅದು ಸೋರಿಕೆ. ಚಕ್ರದ ಒಳಬದಿ ಒದ್ದೆ ಇದೆಯಾ ನೋಡಿ, ಗಾಡಿ ಓಡಿಸದೆ ಮೆಕ್ಯಾನಿಕ್‌ನನ್ನು ಮನೆಗೇ ಕರೆಸಿ.

ಹಳೆ ಆಯಿಲ್‌ಗೆ ಇನ್ನೊಂದು ತೊಂದರೆ ಇದೆ. ಬಾಟಲಿ ಮೇಲೆ ಬರೆದಿರುವ ದರ್ಜೆ ಡಾಟ್ 3 ಇರಲಿ, ಡಾಟ್ 4 ಇರಲಿ, ಎರಡೂ ಗಾಳಿಯ ತೇವ ಹೀರುತ್ತವೆ. ಡಾಟ್ 4 ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅನ್ನುವುದು ನಿಯಮ, ನೀರು ಸೇರಿದ ಮೇಲೆ ಅದೇ ಮಿತಿ 155. ಕಲಬುರಗಿ ಸುತ್ತ ರಸ್ತೆ ಸಪಾಟು, ಗೊತ್ತೇ ಆಗಲ್ಲ. ಮಂದಿ ತುಂಬಿಕೊಂಡು ಶ್ರೀಶೈಲದ ಘಾಟ್ ಇಳಿಯುವಾಗ ಬ್ರೇಕ್ ಹಿಡಿದೇ ಇದ್ದರೆ ಆಯಿಲ್ ಕುದ್ದು ಆವಿಯಾಗಬಹುದು, ಆವಿ ಸುಲಭವಾಗಿ ಅಮುಕಿಕೊಳ್ಳುತ್ತದಲ್ವಾ, ಪೆಡಲ್ ಮೆತ್ತಗಾಗಿ ಕೆಳಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ, ಘಾಟ್‌ನಲ್ಲಿ ಸಣ್ಣ ಗೇರ್‌ನಲ್ಲೇ ಇಳಿಯಿರಿ.

ಡಿಸ್ಕ್ ಬ್ರೇಕ್ ಇರುವ ಸೈಕಲ್ಲಿನದೂ ಇದೇ ಕಥೆ. ಕಡಿಮೆ ಬೆಲೆಯ ಸೈಕಲ್‌ಗಳಲ್ಲಿ ಮಾತ್ರ ಆಯಿಲ್ ಬದಲು ಕೇಬಲ್ ಇರುತ್ತದೆ. ಅಲ್ಲಿ ಪ್ಯಾಡ್ ತಾನಾಗಿ ಮುಂದೆ ಬರಲ್ಲ, ಪ್ಯಾಡ್ ಸವೆದಂತೆ ಲಿವರ್ ಹ್ಯಾಂಡಲ್ ಹತ್ತಿರ ಬರುತ್ತದೆ, ಆಗ ನೀವೇ ಅಡ್ಜಸ್ಟರ್ ತಿರುಗಿಸಬೇಕು. ಬಹಳಷ್ಟರಲ್ಲಿ ಹೊರಗಿನ ಪ್ಯಾಡ್ ಮಾತ್ರ ಚಲಿಸುತ್ತದೆ, ಒಳಗಿನದನ್ನು ಅಲೆನ್ ಕೀಯಿಂದ ಡಿಸ್ಕ್ ಹತ್ತಿರಕ್ಕೆ ತರಬೇಕು. ಆಯಿಲ್ ಬ್ರೇಕ್ ಇದ್ದರೆ ಯಾವ ಆಯಿಲ್ ಅಂತ ಓದಿಯೇ ಹಾಕಿ. ಶಿಮಾನೊ ಕಂಪನಿಯ ಬ್ರೇಕಿಗೆ ಮಿನರಲ್ ಆಯಿಲ್ ಬೇಕು, ಕಾರಿನ ಡಾಟ್ ಆಯಿಲ್ ಹಾಕಿದರೆ ಸೀಲ್‌ಗಳು ಹಾಳಾಗುತ್ತವೆ. ಚಕ್ರ ಬಿಚ್ಚಿದ್ದಾಗ ಲಿವರ್ ಒತ್ತಬೇಡಿ, ಪ್ಯಾಡ್ ಮಧ್ಯೆ ದಪ್ಪ ರಟ್ಟಿನ ತುಂಡು ಸಿಕ್ಕಿಸಿಡಿ.

ಶಹಾಬಾದ್, ವಾಡಿ ಕಡೆ ಓಡಾಡುವವರಿಗೆ ಕಲ್ಲಿನ ಪುಡಿ, ಮಳೆಗಾಲದಲ್ಲಿ ಎಲ್ಲರಿಗೂ ಎರೆಮಣ್ಣು. ಡಿಸ್ಕ್ ಕಿರುಗುಟ್ಟುತ್ತದೆ. ದಯವಿಟ್ಟು ಎಣ್ಣೆ ಬಿಡಬೇಡಿ! ಪ್ಯಾಡ್ ಎಣ್ಣೆ ಕುಡಿದರೆ ಮುಗೀತು, ಬ್ರೇಕ್ ಹಿಡಿಯಲ್ಲ. ಡಿಸ್ಕ್ ತಣ್ಣಗಾದ ಮೇಲೆ ನೀರಿನಿಂದ ಮಣ್ಣು ತೊಳೆದು, ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಶುಭ್ರ ಬಟ್ಟೆಯಿಂದ ಒರೆಸಿ. ಡಿಸ್ಕಿಗೆ ಬೆರಳೂ ತಾಗಿಸಬೇಡಿ. ಆಮೇಲೂ ಸದ್ದು ನಿಲ್ಲದಿದ್ದರೆ ಪ್ಯಾಡ್ ನೋಡಿ, ಕೆಲವು ಕಾರಿನ ಪ್ಯಾಡ್‌ಗಳಲ್ಲಿ ಸವೆದಾಗ ಕೂಗಲೆಂದೇ ಒಂದು ತಗಡು ಇಟ್ಟಿರುತ್ತಾರೆ.

ಹೊಸ ಪ್ಯಾಡ್ ಹಾಕಿದರೆ ಎಡ, ಬಲ ಎರಡೂ ಚಕ್ರಕ್ಕೆ ಒಟ್ಟಿಗೇ ಹಾಕಿ. ಗಾಡಿ ಕದಲಿಸುವ ಮುಂಚೆ ಪೆಡಲ್ ಗಟ್ಟಿಯಾಗುವವರೆಗೆ ಒತ್ತುತ್ತಾ ಇರಿ, ಯಾಕೆಂದರೆ ಹಿಂದೆ ಸರಿಸಿದ ಪಿಸ್ಟನ್ ಇನ್ನೂ ಡಿಸ್ಕ್ ಹತ್ತಿರ ಬಂದಿರಲ್ಲ, ಮೊದಲ ಒತ್ತಿಗೆ ಬ್ರೇಕೇ ಇರಲ್ಲ. ಆಮೇಲೆ ಖಾಲಿ ರಸ್ತೆಯಲ್ಲಿ, ಪೂರ್ತಿ ನಿಲ್ಲಿಸದೆ, ಮತ್ತೆ ಮತ್ತೆ ವೇಗ ತಗ್ಗಿಸಿ ಪ್ಯಾಡ್ ಮತ್ತು ಡಿಸ್ಕ್ ಒಂದಕ್ಕೊಂದು ಹೊಂದಿಕೊಳ್ಳಲು ಬಿಡಿ.