ಲಾರಿ ಸಿಕ್ಕಾಗಲೇ ಸೋರುತ್ತಿದ್ದ ಫೈಲ್ ಹ್ಯಾಂಡಲ್: ನನ್ನ ಅನುಭವ

ಗಂಗಾವತಿ–ಕಾರಟಗಿ ರಸ್ತೆಯ ಒಂದು ರೈಸ್ ಮಿಲ್ಲಿನ ವೇಬ್ರಿಜ್ (ಲಾರಿ ತೂಗುವ ಕಾಟಾ) ಸಾಫ್ಟ್‌ವೇರ್ ನೋಡಿಕೊಳ್ಳೋದು ನಾನು. ಲಾರಿ ನಂಬರ್ ಹಾಕಿದರೆ ಅದರ ಫೋಟೋ ಹುಡುಕೋದೂ ಅದರದೇ ಕೆಲಸ. ಭತ್ತದ ಸುಗ್ಗಿ ಬಂತೆಂದರೆ ಎರಡನೇ ದಿನಕ್ಕೆ 'ಟೂ ಮೆನಿ ಓಪನ್ ಫೈಲ್ಸ್' ಅಂತ ಬಿದ್ದುಬಿಡೋದು. ಅಂದರೆ ಪ್ರೋಗ್ರಾಮು ತೆರೆದಿಟ್ಟ ಫೈಲು, ಫೋಲ್ಡರುಗಳ ಲೆಕ್ಕ (ಒಂದೊಂದಕ್ಕೂ ಒಂದು ಹ್ಯಾಂಡಲ್) ಮಿತಿ ಮುಟ್ಟಿತು ಅಂತ. ಗೇಟಿನಾಚೆ ಲಾರಿ ಸಾಲು. ಸುಗ್ಗಿ ಮುಗಿದರೆ ತಿಂಗಳುಗಟ್ಟಲೆ ತಕರಾರೇ ಇಲ್ಲ.

ಲಾರಿ ಫೋಟೋ ತೆಗೆಯುವ ಕ್ಯಾಮೆರಾದ ಡ್ರೈವರ್ ಸಾಫ್ಟ್‌ವೇರ್ ಮೇಲೆ ಅನುಮಾನಪಟ್ಟು ಸುಮಾರು 14 ಸಾವಿರ ಸುರಿದು ಹೊಸ ಕ್ಯಾಮೆರಾ ಹಾಕಿಸಿದೆ, ದಂಡ. ಗೆಳೆಯರೆಲ್ಲ ಒಂದೇ ಮಾತು: ಯುಲಿಮಿಟ್, ಅಂದರೆ ಆ ಮಿತಿ, ಏರಿಸಿ ಕೈ ತೊಳಕೋ. 1024 ಇದ್ದದ್ದನ್ನು 4096 ಮಾಡಿದೆ. ಎರಡನೇ ದಿನ ಬೀಳೋದು ಎಂಟನೇ ದಿನ ಬಿತ್ತು. "ತಮ್ಮಾ, ಕಂಪ್ಯೂಟರ್ ಹೊಸಾದ ತಂದ್ಬಿಡೋಣೇನ?" ಅಂದರು ಸಾವ್ಕಾರ್ರು. ಬೇಡ, ಒಂದು ವಾರ ಕೊಡ್ರಿ ಅಂದೆ.

ಪ್ರಾಕ್‌ನ ಎಫ್‌ಡಿ ಫೋಲ್ಡರ್ ತೆರೆದು ಕೂತೆ, ಓಡುವ ಪ್ರೋಗ್ರಾಮು ಏನೇನು ತೆರೆದಿಟ್ಟಿದೆ ಅಂತ ಲಿನಕ್ಸ್ ತೋರಿಸುವ ಜಾಗ ಅದು. ಫೋಟೋ ಫೈಲು ಒಂದೂ ಇಲ್ಲ, ಬರೀ ಡೈರೆಕ್ಟರಿಗಳು (ಫೋಲ್ಡರ್): ಫೋಟೋ, ತಿಂಗಳು, ದಿನ, ಮತ್ತೆ ಫೋಟೋ, ತಿಂಗಳು, ದಿನ. ಪ್ರೋಗ್ರಾಮು ಹೊಸದಾಗಿ ಶುರುಮಾಡಿ, ಇಲ್ಲದ ಲಾರಿ ನಂಬರ್ ಹಾಕಿ ಹುಡುಕಿಸಿದೆ, ತೆರೆದ ಹ್ಯಾಂಡಲ್ ಎಣಿಕೆ 11 ಇದ್ದದ್ದು 11ರಲ್ಲೇ ನಿಂತಿತು. ಒಳಗೆ ನಿಂತಿದ್ದ ಲಾರಿಯ ನಂಬರ್ ಹಾಕಿದೆ, 14. ಇನ್ನೊಮ್ಮೆ, 17. ಮೈ ಜುಮ್ ಅಂತು.

ಹಿಂದಿನವರ ಕೋಡಿನಲ್ಲಿ ಫೋಟೋ ಸಿಕ್ಕ ಕೂಡಲೇ ಲೂಪಿನ (ಹುಡುಕುವ ಸುತ್ತಿನ) ನಡುವಿಂದಲೇ ರಿಟರ್ನ್, ಅಂದರೆ ಹೊರಗೆ. ಡೈರೆಕ್ಟರಿ ಮುಚ್ಚುವ ಕ್ಲೋಸ್‌ಡಿರ್ ಇದ್ದದ್ದು ಲೂಪಿನ ಕೆಳಗೆ, ಸಿಗದಿದ್ದಾಗ ಮಾತ್ರ ಮುಟ್ಟುವ ಜಾಗದಲ್ಲಿ. ಮೂರು ಹಂತದ ರಿಕರ್ಷನ್ (ಫೋಲ್ಡರಿನೊಳಗಿನ ಫೋಲ್ಡರಿಗೆ ಇಳಿಯೋದು), ಲಾರಿಗೆ ಮೂರು ಹ್ಯಾಂಡಲ್. ಅಂದರೆ 340ರ ಆಸುಪಾಸಿನ ಲಾರಿಗೆ 1024 ಖಾಲಿ. ಸುಗ್ಗಿಯಲ್ಲಿ ದಿನಕ್ಕೆ 170 ಲಾರಿ, ಹಗಲೂ ರಾತ್ರಿ ಓಟ. ಉಳಿದ ದಿನ ಮೂವತ್ತೋ ನಲವತ್ತೋ, ಸಂಜೆ ಕಂಪ್ಯೂಟರ್ ಆಫ್. ಹ್ಯಾಂಡಲ್ ಎಲ್ಲ ತಾವಾಗಿಯೇ ಮುಚ್ಚಿಹೋಗುತ್ತಿದ್ದವು.

ಇಷ್ಟರೊಳಗೆ ಫೋಲ್ಡರುಗಳನ್ನೆಲ್ಲ ಸುತ್ತಿಬರುವ ಸಿದ್ಧ ಫಂಕ್ಷನ್ ಎನ್‌ಎಫ್‌ಟಿಡಬ್ಲ್ಯೂ ಹಾಕಿಯೂ ನೋಡಿದೆ. ಅದು ಪ್ರತಿ ಫೈಲಿಗೂ ಕರೆಯುವ ನಮ್ಮ ಫಂಕ್ಷನ್, ಅಂದರೆ ಕಾಲ್‌ಬ್ಯಾಕಿನಿಂದ ಸೊನ್ನೆಯಲ್ಲದ್ದು ಹಿಂತಿರುಗಿಸಿದರೆ ಅದೇ ಎಲ್ಲ ಮುಚ್ಚಿಕೊಂಡು ಹೊರಬರುತ್ತೆ, ಸೋರಿಕೆ ಇಲ್ಲ. ಆದರೆ ಪ್ರತಿ ಫೈಲಿಗೂ ಸ್ಟ್ಯಾಟ್ (ಫೈಲಿನ ವಿವರ ಕೇಳೋದು) ಮಾಡೋದರಿಂದ ಹಳೇ ಹಾರ್ಡ್ ಡಿಸ್ಕಿನಲ್ಲಿ ತೆವಳಿತು. ಬಿಟ್ಟೆ. ರಿಟರ್ನ್ ಒಂದೇ ಇರಲಿ, ಅದರ ಮೇಲೆ ಕ್ಲೋಸ್‌ಡಿರ್ ಇರಲಿ ಅಂತ ಆರು ಸಾಲು ತಿದ್ದಿದೆ. ತೂಕ ನಿಲ್ಲಿಸದೆ, ಓಡುತ್ತಿದ್ದ ಪ್ರೋಗ್ರಾಮಿನೊಳಗೇ ಸೋರಿದ ಹ್ಯಾಂಡಲ್‌ಗಳನ್ನು ಮುಚ್ಚಿ ಆ ರಾತ್ರಿ ದಾಟಿಸಿದ್ದು ಹೇಗೆ ಅನ್ನೋದು ನನ್ನ ಹತ್ತಿರವೇ ಇರಲಿ, ಹೊಟ್ಟೆಪಾಡು.

ಲಿಮಿಟ್ ಮತ್ತೆ 1024ಕ್ಕೇ ಇಳಿಸಿದೆ. ಈ ಸುಗ್ಗಿಗೆ ಐದು ಸಾವಿರದ ಮೇಲೆ ಲಾರಿ ತೂಗಿದವು, ಎಣಿಕೆ 11. ಯುಲಿಮಿಟ್ ಅಂದವರಿಗೆಲ್ಲ ಅದರ ಫೋಟೋ ಕಳಿಸಿದ್ದೇನೆ.