800 ಮೆಗಾಹರ್ಟ್ಸ್ ದಾಟದ ಪ್ರೊಸೆಸರ್: ನನ್ನ ಅನುಭವ

ಕೋರ್ 2 ಡ್ಯುಯೊ ಪ್ರೊಸೆಸರ್‌ನ ಹಳೆಯ ಲ್ಯಾಪ್‌ಟಾಪೊಂದನ್ನು ನಾನು ಇಂದಿಗೂ ಜತನದಿಂದ ಬಳಸುತ್ತೇನೆ. ಅದರಲ್ಲಿರುವುದು ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) 2.6.38. ಒಂದು ದಿನ ಅದು ಏಕಾಏಕಿ ಮಂದವಾಯಿತು. 10 ನಿಮಿಷದಲ್ಲಿ ಮುಗಿಯುತ್ತಿದ್ದ ಕಂಪೈಲ್ ಕೆಲಸ (ಕೋಡನ್ನು ಓಡುವ ಪ್ರೋಗ್ರಾಮ್ ಆಗಿಸುವುದು) 25 ನಿಮಿಷ ಎಳೆಯಿತು. ಪ್ರೊಸೆಸರ್ ವೇಗದ ವಿವರ ತೋರಿಸುವ ಸಿಪಿಯುಫ್ರೀಕ್-ಇನ್ಫೊ ಕಮಾಂಡ್ ಓಡಿಸಿ ನೋಡಿದೆ. ಹಾರ್ಡ್‌ವೇರ್ ಮಿತಿ 800 ಮೆಗಾಹರ್ಟ್ಸ್‌ನಿಂದ 2 ಗಿಗಾಹರ್ಟ್ಸ್ ಎಂದಿತ್ತು, ಸದ್ಯದ ಪಾಲಿಸಿ (ಬಳಸಲು ಬಿಟ್ಟಿರುವ ವೇಗದ ವ್ಯಾಪ್ತಿ) ಮಾತ್ರ 800ರಿಂದ 800. ಆ ವ್ಯಾಪ್ತಿಯೊಳಗೆ ವೇಗ ಆರಿಸುವ ಗವರ್ನರ್ ಆನ್‌ಡಿಮ್ಯಾಂಡ್, ಅಂದರೆ ಕೆಲಸ ಹೆಚ್ಚಿದಾಗ ವೇಗ ಏರಿಸುವಂಥದ್ದು. ಏರಲು ಮೆಟ್ಟಿಲೇ ಇಲ್ಲದ ಕಡೆ ಗವರ್ನರ್ ತಾನೇ ಏನು ಮಾಡೀತು? ಆಗ ಅದು ಹೊಳೆಯಲಿಲ್ಲ, ಗವರ್ನರ್ ಮೇಲೇ ಅನುಮಾನಪಟ್ಟೆ.

ಸಿಪಿಯುಫ್ರೀಕ್-ಸೆಟ್‌ ಕಮಾಂಡ್‌ನಿಂದ, ವೇಗವನ್ನು ಸದಾ ಗರಿಷ್ಠದಲ್ಲಿಡುವ ಪರ್ಫಾರ್ಮೆನ್ಸ್ ಗವರ್ನರ್ ಹಾಕಿದೆ. ಕೋರ್ 0 ಬದಲಾಯಿತು, ಕೋರ್ 1 ಇದ್ದಂತೆಯೇ ಇತ್ತು. ಕೋರ್ ಸಂಖ್ಯೆ ಹೇಳದಿದ್ದರೆ ಈ ಹಳೆಯ ಕಮಾಂಡ್ ಮೊದಲನೆಯದನ್ನು ಮಾತ್ರ ಮುಟ್ಟುತ್ತದೆ. (ಆಮೇಲೆ ಬಂದ ಸಿಪಿಯುಪವರ್ ಹಾಗಲ್ಲ, ಎಲ್ಲ ಕೋರ್‌ಗಳಿಗೂ ಒಟ್ಟಿಗೇ ಹಾಕುತ್ತದೆ.) ಎರಡಕ್ಕೂ ಬೇರೆಬೇರೆಯಾಗಿ ಹಾಕಿ, ಬೂಟ್ ಆದಾಗಲೆಲ್ಲ ಹಾಗೇ ಆಗಲೆಂದು ಆರ್‌ಸಿ.ಲೋಕಲ್ ಫೈಲ್‌ನಲ್ಲೂ ಬರೆದೆ. ನೋಡಿದರೆ ಒಂದು ನಿಮಿಷದೊಳಗೆ ಮತ್ತೆ ಆನ್‌ಡಿಮ್ಯಾಂಡ್! ಬೂಟ್ ಆಗುವಾಗ ಓಡುವ ಇನಿಟ್ ಸ್ಕ್ರಿಪ್ಟ್‌ಗಳನ್ನು ಒಂದೊಂದಾಗಿ ತೆರೆದು ಓದಿದ ಮೇಲೆ ಗುಟ್ಟು ಸಿಕ್ಕಿತು. ಅವುಗಳಲ್ಲೊಂದು 60 ಸೆಕೆಂಡ್ ಸುಮ್ಮನಿದ್ದು, ಆಮೇಲೆ ಎಲ್ಲ ಕೋರ್‌ಗಳಿಗೂ ಆನ್‌ಡಿಮ್ಯಾಂಡ್ ಬರೆಯುತ್ತಿತ್ತು. ಅದನ್ನು ನಿಲ್ಲಿಸಿದೆ. ಗವರ್ನರ್ ನಾನು ಹಾಕಿದಂತೆಯೇ ಉಳಿಯಿತು, ವೇಗ ಮಾತ್ರ 800ರಿಂದ ಕದಲಲಿಲ್ಲ.

ಕಮಾಂಡ್‌ಗಳನ್ನು ಬದಿಗಿಟ್ಟು, ಕರ್ನಲ್ ತನ್ನ ಸೆಟ್ಟಿಂಗ್‌ಗಳನ್ನು ಫೈಲ್‌ಗಳಾಗಿ ತೋರಿಸುವ ಸಿಸ್‌ಎಫ್‌ಎಸ್‌ನಲ್ಲಿ ಸಿಪಿಯು 0ರ ಸಿಪಿಯುಫ್ರೀಕ್ ಡೈರೆಕ್ಟರಿಗೆ ಹೋದದ್ದು ಆಮೇಲೆ. ಮೊದಲೇ ಹೋಗಬೇಕಿತ್ತು, ಏಕೆಂದರೆ ಆ ಕಮಾಂಡ್‌ಗಳು ಓದಿ ಬರೆಯುವುದೂ ಅಲ್ಲಿಂದಲೇ. ವೇಗ ಬದಲಿಸುವ ಸ್ಕೇಲಿಂಗ್ ಡ್ರೈವರ್ ಎಸಿಪಿಐ-ಸಿಪಿಯುಫ್ರೀಕ್, ಸರಿಯಾಗಿಯೇ ಇತ್ತು. ಗರಿಷ್ಠ ವೇಗದ ಫೈಲ್‌ಗೆ 2000000 (ಕಿಲೋಹರ್ಟ್ಸ್‌ನಲ್ಲಿ, ಅಂದರೆ 2 ಗಿಗಾಹರ್ಟ್ಸ್) ಬರೆದೆ, ತಿರುಗಿ ಓದಿದರೆ 800000. ಪಕ್ಕದಲ್ಲೇ ಬಯಾಸ್ ಲಿಮಿಟ್ ಎಂಬ ಫೈಲ್. ಅದರೊಳಗೂ 800000! ಅಂದರೆ ಕಟ್ಟು ಹಾಕಿದ್ದು ಲಿನಕ್ಸ್ ಅಲ್ಲ, ಅದರ ಕೆಳಗಿನ ಬಯಾಸ್, ಯಂತ್ರದೊಳಗೇ ಇರುವ ಮೂಲ ತಂತ್ರಾಂಶ. ಎಸಿಪಿಐನ (ವಿದ್ಯುತ್ ನಿರ್ವಹಣೆಗೆ ಬಯಾಸ್ ಮತ್ತು ಆಪರೇಟಿಂಗ್ ಸಿಸ್ಟಮ್ ಮಾತಾಡುವ ಮಾನದಂಡ) ಪಿಪಿಸಿ ಎಂಬ ವೇಗಮಿತಿಯ ಸೂಚನೆ ಮೂಲಕ ಅದು ‘ಇದಕ್ಕಿಂತ ಮೇಲೆ ಹೋಗಬೇಡ’ ಎಂದಿತ್ತು, ಕರ್ನಲ್ ಆ ಮಾತು ಪಾಲಿಸುತ್ತಿತ್ತು.

ಆಗ ನೆನಪಾದದ್ದು ಅಡಾಪ್ಟರ್. ಮೂಲ ಅಡಾಪ್ಟರ್‌ನ ವೈರ್ ಕಿತ್ತುಹೋಗಿ, 90 ವ್ಯಾಟ್ ಬೇಡುವ ಯಂತ್ರಕ್ಕೆ 65 ವ್ಯಾಟ್‌ನದನ್ನು ಸಿಕ್ಕಿಸಿದ್ದೆ. ಬ್ಯಾಟರಿ ಸತ್ತು ಎಷ್ಟೋ ದಿನವಾಗಿತ್ತು. ಸಾಕಷ್ಟು ವಿದ್ಯುತ್ ಸಿಗದೆಂದೇ ಬಯಾಸ್ ವೇಗ ಕಟ್ಟಿಹಾಕಿರಬೇಕು.

ಖಚಿತಪಡಿಸಿಕೊಳ್ಳಲು ಕರ್ನಲ್‌ನ ಪ್ರೊಸೆಸರ್ ಮಾಡ್ಯೂಲ್‌ನಲ್ಲಿ ಆ ಮಿತಿಯನ್ನು ಕಡೆಗಣಿಸುವ ಇಗ್ನೋರ್ ಪಿಪಿಸಿ ಪ್ಯಾರಾಮೀಟರನ್ನು 1 ಮಾಡಿ ಬೂಟ್ ಮಾಡಿದೆ. ವೇಗ ತಕ್ಷಣ ಏರಿತು, ಅಡಾಪ್ಟರ್ ಕೂಡ ಕೈ ಇಡಲಾಗದಷ್ಟು ಬಿಸಿಯಾಯಿತು. ಇದನ್ನು ಕಾಯಂ ಪರಿಹಾರವೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಬಯಾಸ್ ಆ ಮಿತಿ ಹಾಕಿದ್ದು ಸಕಾರಣವಾಗಿಯೇ.

ಪ್ಯಾರಾಮೀಟರ್ ತೆಗೆದು, 90 ವ್ಯಾಟ್ ಅಡಾಪ್ಟರ್ ತಂದು ಸಿಕ್ಕಿಸಿದೆ. ರೀಬೂಟ್ ಕೂಡ ಬೇಕಾಗಲಿಲ್ಲ, ಬಯಾಸ್ ಲಿಮಿಟ್ 2001000 ತೋರಿಸಿತು. ಕೊನೆಯ ಆ 1000 ತಪ್ಪಲ್ಲ: ಒಂದು ಕೋರ್ ಖಾಲಿಯಿದ್ದಾಗ ಇನ್ನೊಂದು ತುಸು ಹೆಚ್ಚು ಓಡಬಹುದೆಂಬ ಗುರುತು. ಆನ್‌ಡಿಮ್ಯಾಂಡ್ ಗವರ್ನರ್ ಅನ್ನೇ ಮತ್ತೆ ಹಾಕಿ ಕಂಪೈಲ್‌ಗೆ ಹಚ್ಚಿದೆ. 10 ನಿಮಿಷ.